ಅಕ್ಕನ ಪಟ್ಟ

ಪ್ರಯೋಗಾಲಯದ ಬಾಗಿಲಲ್ಲೇ ಲಾಂಡ್ರಿ ಅಕ್ಕ ತನ್ನ ತಂಗಿಯನ್ನು ತರಾಟೆಗೆ ತೆಗೆದುಕೊಂಡಳು.

"ಹನ್ನೊಂದಕ್ಕೆ ಬಾ ಅಂದ್ರೆ ನನಗಿಂತ ಮುಂಚೆ ಬಂದು ನಿಂತಿದೀಯಾ? ಇಲ್ಲೂ ನೀನೇ ಮೊದಲಾಗ್ಬೇಕಾ? ಅದೂ ನನ್ನ ಹಸಿರು ಸ್ವೆಟರ್ ಹಾಕ್ಕೊಂಡು! ಯಾವಾಗ ಎತ್ಕೊಂಡು ಹೋದೆ ಅದನ್ನ?"

ತಂಗಿ ಉತ್ತರ ಕೊಡಲಿಲ್ಲ. ಕೊಡದಿದ್ದರೆ ಹಾಳಾಗಲಿ, ಅಕ್ಕ ಬೆರಳೆತ್ತಿದರೆ ತಾನೂ ಬೆರಳೆತ್ತಿದಳು, ಅಕ್ಕ ಬಾಯಿ ತೆರೆದರೆ ತಾನೂ ತೆರೆದಳು. ಅಣಕಿಸುತ್ತಿದ್ದಾಳೆ! ಸಿಟ್ಟು ನೆತ್ತಿಗೇರಿ ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಕೂಡಲೇ ತಂಗಿ ನಟ್ಟನಡುವೆ ಸೀಳಿಕೊಂಡು, ಸುಯ್ಯೆಂದು ಸದ್ದು ಮಾಡುತ್ತಾ, ಅರ್ಧ ಎಡಗೋಡೆಯೊಳಕ್ಕೂ ಅರ್ಧ ಬಲಗೋಡೆಯೊಳಕ್ಕೂ ಸರಿದುಹೋದಳು. ಅದು ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು.

"ಒಳಗೆ ಬನ್ನಿಮ್ಮಾ," ಎಂದ ಕಾವಲುಗಾರ, ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದು. "ಆ ಬಾಗಿಲು ಯಾರು ಬೈದ್ರೂ ತಿರುಗಿ ಮಾತಾಡಲ್ಲ."

ಜವಳಿ ಅಂಗಡಿಯ ಕನ್ನಡಿಯಲ್ಲಿ ಯಾವನೋ ಬೊಜ್ಜಿನ ಮನುಷ್ಯ ದಾರಿ ಬಿಡುತ್ತಿಲ್ಲವೆಂದು ಗೊಣಗಿ, ಆಮೇಲೆ ವಿಷಯ ತಿಳಿದು ಕೆಮ್ಮಿ ಸುಮ್ಮನಾದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಈ ಕಥೆ ಹೇಳುತ್ತಿರುವವರನ್ನೂ ಆ ಪಟ್ಟಿಯಿಂದ ಬಿಡುವ ಹಾಗಿಲ್ಲ. ಆದರೆ ಅಚ್ಚಿನಲ್ಲಿ ಒತ್ತಿದಂಥ ಅವಳಿ ತಂಗಿಯನ್ನು ಅರವತ್ತು ದಾಟುವವರೆಗೂ ಕಟ್ಟಿಕೊಂಡವಳಿಗೆ ಕನ್ನಡಿ ಎಂಬುದೇ ಒಂದು ಅಪಾಯದ ಜಾಗ. ಅಕ್ಕ ಸ್ವೆಟರಿನ ಗುಂಡಿ ಸರಿಮಾಡಿಕೊಂಡು, ಏನೂ ಆಗದವಳ ಹಾಗೆ ಒಳಗೆ ನಡೆದಳು. ನಾಚಿಕೆಗೆ ಅವಳಿಗೆ ಪುರುಸೊತ್ತಿರಲಿಲ್ಲ. ಅವಳು ಅಲ್ಲಿಗೆ ಬಂದದ್ದು ಸೇಡು ತೀರಿಸಿಕೊಳ್ಳಲು.

ಯಾತರ ಸೇಡು ಎಂಬುದು ತಿಳಿಯಬೇಕಾದರೆ ಅವಳ ಅಂಗಡಿಯನ್ನು ನೋಡಬೇಕು. ಎರಡು ದೊಡ್ಡ ತೊಳೆಯುವ ಯಂತ್ರ, ಒಂದು ಹಬೆಯ ಇಸ್ತ್ರಿ, ತಲೆಯ ಮೇಲೆ ಉದ್ದಕ್ಕೂ ಕಬ್ಬಿಣದ ಸರಳು. ಸರಳಿನಿಂದ ಪ್ಲಾಸ್ಟಿಕ್ ಹೊದ್ದು ಜೋತುಬಿದ್ದ ಕೋಟುಗಳ ಕೆಳಗೆ ಬಗ್ಗಿ ನಡೆಯಬೇಕು. ಅಪ್ಪ ಇಟ್ಟ ಅಂಗಡಿ ಅದು. ಬೀದಿಗೆಲ್ಲ ಅವಳು 'ಅಕ್ಕ'. ಬಾಯಲ್ಲಿ ಒಂದೂ ಹಲ್ಲಿಲ್ಲದ ನಿವೃತ್ತ ಪೋಸ್ಟ್‌ಮಾಸ್ಟರು ಕೂಡ ಕೌಂಟರಿಗೆ ಕೋಲು ಒರಗಿಸಿ, "ಅಕ್ಕಾ, ನನ್ನ ಪ್ಯಾಂಟು ಆಯ್ತಾ?" ಎಂದೇ ಕೇಳುತ್ತಿದ್ದರು.

ಆ ಅಂಗಡಿಯಲ್ಲಿ ಸುಟ್ಟ ಕಲೆಗೆ ಕ್ಷಮೆಯಿತ್ತು, ಬಣ್ಣ ಬಿಟ್ಟದ್ದಕ್ಕೂ ಇತ್ತು. ಕ್ಷಮೆಯೇ ಇಲ್ಲದ ತಪ್ಪೆಂದರೆ ಗುರುತು ಕಳೆಯುವುದು. ಬಂದ ಪ್ರತಿ ಬಟ್ಟೆಯ ಕಾಲರಿನೊಳಗೆ ಅಳಿಸದ ಶಾಯಿಯಲ್ಲಿ ನಂಬರು ಬರೆದ ಬಟ್ಟೆಯ ತುಂಡೊಂದನ್ನು ಹೊಲಿಯುವುದು ಪದ್ಧತಿ. ಎರಡು ಒಂದೇ ಥರದ ಬಿಳಿ ಅಂಗಿಗಳ ಗುರುತು ನೀರಿನಲ್ಲಿ ಕಳಚಿಹೋಯಿತು ಅನ್ನಿ. ಅವೆರಡನ್ನೂ ಬೇರೆ ಮೊಳೆಗೆ ನೇತುಹಾಕಿ ಇಬ್ಬರು ಗಿರಾಕಿಗಳನ್ನೂ ಕರೆಸಬೇಕು. ಅವರು ತೋಳು ಎಳೆದು, ಗುಂಡಿ ಮುಟ್ಟಿ, ಮೂಸಿ ನೋಡಿ ಹೇಳಬೇಕು. "ಅಂದಾಜಿನ ಮೇಲೆ ಯಾರಿಗೂ ಬಟ್ಟೆ ಕೊಡಬಾರದು," ಎನ್ನುತ್ತಿದ್ದ ಅಪ್ಪ. ಅಕ್ಕನಿಗೆ ಅದು ಸಂವಿಧಾನ.

ಅದೇ ಅಪ್ಪ ಮನೆಯಲ್ಲಿ ಇನ್ನೊಂದು ಮಾತು ಹೇಳುತ್ತಿದ್ದ. ಅಮ್ಮನೂ ಹೇಳುತ್ತಿದ್ದಳು, ಅಜ್ಜಿಯೂ ಹೇಳುತ್ತಿದ್ದಳು: "ನೀನು ದೊಡ್ಡೋಳು ಕಣಮ್ಮ, ಬಿಟ್ಟುಕೊಡು." ದೊಡ್ಡವಳಾದದ್ದು ಎಷ್ಟು? ಹಾಲು ಉಕ್ಕುವಷ್ಟು ಹೊತ್ತು. ಅಷ್ಟಕ್ಕೇ ಅವಳು ಕಿಟಕಿ ಪಕ್ಕದ ಮಂಚ ಬಿಟ್ಟುಕೊಟ್ಟಳು, ಕೆಂಪು ಕೊಡೆ ಬಿಟ್ಟುಕೊಟ್ಟಳು, ಬೊಂಬೆ ಬಿಟ್ಟುಕೊಟ್ಟಳು, ಬೊಂಬೆಯ ಕೈ ಮುರಿದವಳು ಯಾರೆಂಬ ಪ್ರಶ್ನೆ ಬಂದಾಗ ತನ್ನ ಬೆನ್ನನ್ನೂ ಬಿಟ್ಟುಕೊಟ್ಟಳು. ಕೊನೆಗೆ ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಕಾಲೇಜಿಗೆ ಕಳಿಸಲು ಸಾಧ್ಯವೆಂದು ಗೊತ್ತಾದ ದಿನ ಊಟದ ಮೇಜಿನ ಸುತ್ತ ಕೂತವರೆಲ್ಲ ಅವಳ ಮುಖ ನೋಡಿದರು, ಅಷ್ಟೆ. ಅವಳಿಗೆ ರಸಾಯನಶಾಸ್ತ್ರ ಓದುವ ಹುಚ್ಚಿತ್ತು. ಕಲೆ ಯಾಕೆ ಕೂರುತ್ತದೆ, ಯಾಕೆ ಬಿಡುತ್ತದೆ ಎಂದು ತಿಳಿಯಬೇಕಿತ್ತು. ತಂಗಿ ಕಾಲೇಜಿಗೆ ಹೋದಳು, ವಾಣಿಜ್ಯ ತೆಗೆದುಕೊಂಡಳು, ಎರಡನೆಯ ವರ್ಷ ಬೇಜಾರಾಯಿತೆಂದು ಬಿಟ್ಟಳು, ಡ್ರೈವಿಂಗ್ ಸ್ಕೂಲ್ ತೆರೆದಳು. ಅಕ್ಕ ಹಬೆಯ ಮುಂದೆ ನಿಂತಳು. ಇನ್ನೂ ನಿಂತೇ ಇದ್ದಾಳೆ.

ಅವಳು ಸುಮ್ಮನೆ ಸಹಿಸಿಕೊಂಡಳೆಂದು ಯಾರಾದರೂ ಕಣ್ಣೀರು ಹಾಕುವುದಿದ್ದರೆ ಸ್ವಲ್ಪ ತಡೆಯಿರಿ. ತಂಗಿಯ ಬಟ್ಟೆಗಳೆಲ್ಲ ಇಸ್ತ್ರಿಗೆ ಬರುತ್ತಿದ್ದದ್ದು ಇದೇ ಅಂಗಡಿಗೆ. ಅವಳ ಪ್ಯಾಂಟಿಗೆ ಅಕ್ಕ ಒಂದರ ಪಕ್ಕ ಇನ್ನೊಂದು ಗೆರೆ ಎಳೆಯುತ್ತಿದ್ದಳು, ರೈಲು ಹಳಿಯ ಹಾಗೆ. ಕಾಲರಿಗೆ ಗಂಜಿ ಹಾಕಿದರೆ ತಂಗಿ ಆ ದಿನವಿಡೀ ಕತ್ತು ತಿರುಗಿಸಲಾರದೆ, ಹಿಂದೆ ಬರುವ ಗಾಡಿಯನ್ನು ಸೊಂಟ ತಿರುಗಿಸಿ ನೋಡಬೇಕು. ಆದರೆ ಇವೆಲ್ಲ ಚಿಲ್ಲರೆ ಸೇಡುಗಳು. ಅಸಲು ಹಾಗೇ ಇತ್ತು.

ಅದಕ್ಕೆ ಬೆಂಕಿ ಬಿದ್ದದ್ದು ಸೋದರತ್ತೆಯಿಂದ. ಎಪ್ಪತ್ತೈದು ದಾಟಿದ ಅತ್ತೆ ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಅವಳ ಹಾಸಿಗೆಯ ಹೊದಿಕೆಗಳನ್ನು ಒಗೆದು ತಂದು ಹಾಸುವ ಕೆಲಸವೂ 'ದೊಡ್ಡವಳ' ಪಾಲಿಗೇ ಬಂದಿತ್ತು. ಒಂದು ಮಧ್ಯಾಹ್ನ ಅಕ್ಕ ಹೊದಿಕೆಯ ಮೂಲೆ ಮಡಚುತ್ತಿದ್ದಾಗ ಅತ್ತೆ ಕಿಸಕ್ಕನೆ ನಕ್ಕಳು.

"ಏನತ್ತೆ?"

"ನಿಮ್ಮಿಬ್ಬರಲ್ಲಿ ನಿಜವಾಗಿ ದೊಡ್ಡೋಳು ಯಾರೋ ಏನೋ ಕಣೇ."

"ಹಂಗಂದ್ರೆ?"

"ಮೊದಲು ಹುಟ್ಟಿದ್ದರ ಕಾಲಿಗೆ ನಿಮ್ಮಜ್ಜಿ ಕೆಂಪು ದಾರ ಕಟ್ಟಿದ್ಳು, ಗುರುತಿಗೆ ಅಂತ. ನಾನಾಗ ಲಂಗ ತೊಟ್ಕೊಂಡು ಓಡಾಡೋ ಹುಡುಗಿ. ನಿಮಗೆ ಸ್ನಾನ ಮಾಡಿಸ್ದೆ. ನೋಡಿದ್ರೆ ದಾರ ಟಬ್ಬಿನಲ್ಲಿ ತೇಲ್ತಾ ಇದೆ! ಹೇಳಿದ್ರೆ ಅಜ್ಜಿ ಚರ್ಮ ಸುಲೀತಿದ್ಳು. ಅದಕ್ಕೇ ಯಾವುದು ಜೋರಾಗಿ ಅಳ್ತಿತ್ತೋ ಅದಕ್ಕೆ ಕಟ್ಬಿಟ್ಟೆ."

ಅಕ್ಕನ ಕೈಯಲ್ಲಿದ್ದ ದಿಂಬು ಕೆಳಗೆ ಬಿತ್ತು. ಒಂದು ಅಂಗಿಯನ್ನೂ ಅಂದಾಜಿನ ಮೇಲೆ ಕೊಡದ ಮನೆಯಲ್ಲಿ, ಒಂದು ಇಡೀ ಹೆಣ್ಣುಮಗುವನ್ನು ಅಂದಾಜಿನ ಮೇಲೆ ಅಕ್ಕನನ್ನಾಗಿ ಮಾಡಿಬಿಟ್ಟಿದ್ದರು. ಅದೂ ಅವಳ ಗಂಟಲು ದೊಡ್ಡದೆಂಬ ಒಂದೇ ಕಾರಣಕ್ಕೆ!

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ ಎಂದರೆ ಸುಳ್ಳಾದೀತು; ಚೆನ್ನಾಗಿಯೇ ಸೇರಿತು, ಸಿಟ್ಟಿಗೆ ಹಸಿವು ಜಾಸ್ತಿ. ಆದರೆ ತಲೆಯಲ್ಲಿ ಒಂದೇ ಮಾತು ಕೊರೆಯತೊಡಗಿತು. ತಾನು ಚಿಕ್ಕವಳೆಂದು ಸಾಬೀತಾಗಬೇಕು. ನಾಲ್ಕು ಜನರೆದುರು ಆಗಬೇಕು. ಆಮೇಲೆ ಮಂಚ, ಕೊಡೆ, ಕಾಲೇಜು ಎಲ್ಲದರ ಹೆಸರೆತ್ತಿ ತಂಗಿಯ ಮುಖ ಸುಕ್ಕುಗಟ್ಟುವುದನ್ನು ಕಣ್ಣಾರೆ ನೋಡಬೇಕು. ಆ ಸುಕ್ಕಿಗೆ ಯಾರೂ ಇಸ್ತ್ರಿ ಮಾಡಬಾರದು.

ದಾರಿ ತಾನಾಗಿಯೇ ಕೌಂಟರಿಗೆ ನಡೆದು ಬಂತು. ವಿಶ್ವವಿದ್ಯಾಲಯದ ಪ್ರಯೋಗಾಲಯದವರ ಬಿಳಿ ಕೋಟುಗಳು ಅಲ್ಲಿಗೇ ಒಗೆಯಲು ಬರುತ್ತಿದ್ದವು. ಅವುಗಳ ಗಂಟು ಹೊತ್ತು ತರುತ್ತಿದ್ದ ಸಂಶೋಧಕಿಯನ್ನು ಅಕ್ಕ ಬಿಳಿಕೋಟಿನ ಹುಡುಗಿ ಎನ್ನುತ್ತಿದ್ದಳು. ಒಂದು ದಿನ ಅಕ್ಕನೂ ತಂಗಿಯೂ ಅಕ್ಕಪಕ್ಕ ನಿಂತದ್ದನ್ನು ನೋಡಿ ಆ ಹುಡುಗಿ ಗಂಟನ್ನೇ ಮರೆತಳು. ತಂಗಿ ಹೋದ ಮೇಲೆ ಕೇಳಿದಳು: "ಅಕ್ಕಾ, ನೀವಿಬ್ರೂ ನಮ್ಮ ಅಧ್ಯಯನಕ್ಕೆ ಬರ್ತೀರಾ? ವಯಸ್ಸಾದ ಹಾಗೆ ಜೀವಕೋಶದಲ್ಲಿ ತಪ್ಪುಗಳು ಹೇಗೆ ಸೇರ್ತಾ ಹೋಗುತ್ತೆ ಅಂತ ನೋಡ್ತಿದೀವಿ. ನಿಮ್ಮಂಥ ಅವಳಿಗಳು ಸಿಗೋದೇ ಕಷ್ಟ."

"ಎಂಥ ತಪ್ಪು?"

"ಕೋಶ ಎರಡಾಗೋ ಮುಂಚೆ ತನ್ನೊಳಗಿರೋ ಡಿಎನ್‌ಎ ಬರಹಾನೆಲ್ಲ ನಕಲು ಮಾಡ್ಕೊಳ್ಳುತ್ತೆ. ಕೋಟಿಗಟ್ಟಲೆ ಅಕ್ಷರ. ಅಲ್ಲಲ್ಲಿ ಒಂದೊಂದು ಅಕ್ಷರ ತಪ್ಪುತ್ತೆ. ನಕಲು ಮಾಡದೆ ಸುಮ್ನೆ ಕೂತಿದ್ರೂ ಕೆಲವು ಕೆಡುತ್ತೆ. ತಿದ್ದೋಕೆ ಒಳಗೇ ಏರ್ಪಾಡಿದೆ, ಹೆಚ್ಚಿನದನ್ನ ತಿದ್ದಿಬಿಡುತ್ತೆ. ಕಣ್ತಪ್ಪಿಸಿ ಉಳಿದದ್ದನ್ನ ಮ್ಯುಟೇಶನ್ ಅಂತೀವಿ. ಅದು ಆ ಕೋಶದಿಂದ ಹುಟ್ಟೋ ಎಲ್ಲಾ ಕೋಶಕ್ಕೂ ಹೋಗುತ್ತೆ. ವರ್ಷವರ್ಷ ಒಂದಿಷ್ಟು ಸೇರುತ್ತೆ. ಬಹಳಷ್ಟು ತಪ್ಪುಗಳು ತೆಪ್ಪಗೆ ಬಿದ್ದಿರುತ್ವೆ, ಯಾವುದೋ ಕೆಲವು ತೊಂದರೆ ಕೊಡುತ್ವೆ."

"ಅಂದ್ರೆ ತಪ್ಪು ಎಣಿಸಿದ್ರೆ ವಯಸ್ಸು ಗೊತ್ತಾಗುತ್ತೆ?"

"ಸುಮಾರಾಗಿ ಗೊತ್ತಾಗುತ್ತೆ."

ಅಕ್ಕನ ಕಿವಿ 'ಗೊತ್ತಾಗುತ್ತೆ' ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. 'ಸುಮಾರಾಗಿ' ಎಂಬುದು ಹಬೆಯ ಜೊತೆ ಕಿಟಕಿಯಿಂದ ಹೊರಗೆ ಹೋಯಿತು.

ಹಾಗೆ ಗಾಜಿನ ಬಾಗಿಲಿನವರೆಗೆ ಬಂದದ್ದು. ತಂಗಿ ಎಂದಿನಂತೆ ತಡವಾಗಿ, ಡ್ರೈವಿಂಗ್ ಸ್ಕೂಲಿನ ಹಳದಿ ಅಂಗಿಯಲ್ಲಿ, ಕತ್ತು ನೆಟ್ಟಗಿಟ್ಟುಕೊಂಡು ಬಂದಳು. "ಅಕ್ಕ ಹೇಳಿದ್ಮೇಲೆ ಮುಗೀತು, ಎಲ್ಲಿ ಚುಚ್ತೀರೋ ಚುಚ್ಚಿ," ಎಂದು ತೋಳು ಚಾಚಿದಳು. ರಕ್ತ ತೆಗೆದರು, ಕೆನ್ನೆಯ ಒಳಗೆ ಹತ್ತಿ ಸವರಿದರು, ತೋಳಿನಿಂದ ಕಾಳಿನಷ್ಟು ಚರ್ಮ ತೆಗೆದು ಪಟ್ಟಿ ಅಂಟಿಸಿದರು. ಸೂಜಿ ತಂಗಿಗೆ ಚುಚ್ಚಿದಾಗ ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಒಳ್ಳೆಯ ಆರಂಭ ಅನ್ನಿಸಿತು.

ಫಲಿತಾಂಶಕ್ಕೆ ಕರೆ ಬರುವ ಹೊತ್ತಿಗೆ ಕೆಲವು ತಿಂಗಳಾಗಿತ್ತು. ಆ ಅವಧಿಯಲ್ಲಿ ತಂಗಿಯ ಪ್ಯಾಂಟುಗಳಿಗೆ ಮೂರನೆಯ ಗೆರೆಯೂ ಬಿದ್ದಿತ್ತು. ಸಣ್ಣ ಕೋಣೆ, ಒಂದು ಮೇಜು, ಪರದೆಯ ಮೇಲೆ ಚುಕ್ಕೆಗಳ ಚಿತ್ರ. ಇಬ್ಬರೂ ಕುರ್ಚಿಯ ಮೇಲೆ ಒಂದೇ ರೀತಿ ಕಾಲ ಮೇಲೆ ಕಾಲು ಹಾಕಿ ಕೂತರು, ಅಕ್ಕ ಅದನ್ನು ಗಮನಿಸಿ ಕಾಲು ಇಳಿಸಿದಳು, ತಂಗಿಯೂ ಇಳಿಸಿದಳು.

"ನೀವಿಬ್ರೂ ಒಂದೇ ಬರಹದಿಂದ ಶುರುವಾದ್ರಿ," ಎಂದಳು ಹುಡುಗಿ. "ಈಗ ಹಾಗಿಲ್ಲ. ನಿಮ್ಮ ತಪ್ಪು ನಿಮಗೆ, ಅವರ ತಪ್ಪು ಅವರಿಗೆ. ಪಟ್ಟಿ ಬೇರೆಬೇರೆ."

"ಅದನ್ನ ಇಷ್ಟು ವರ್ಷದಿಂದ ನಾನೂ ಹೇಳ್ತಿದೀನಿ," ಎಂದಳು ಅಕ್ಕ.

"ಇನ್ನು ಚರ್ಮ. ಇವರ ಕಿಟಕಿ ಕಡೆಯ ತೋಳಲ್ಲಿ ಬಿಸಿಲಿನಿಂದಾದ ತಪ್ಪುಗಳು ಜಾಸ್ತಿ. ಕಾರಲ್ಲಿ ಕೂತು ಕೂತು."

ಅಕ್ಕನ ಮುಖದಲ್ಲಿ ಹಬೆ ಹಾಯಿಸಿದ ರೇಷ್ಮೆಯ ಕಳೆ ಬಂತು. "ಕಿಟಕಿ ಕಿಟಕಿ ಅಂತ ಪ್ರಾಣ ಬಿಡ್ತಿದ್ಯಲ್ಲ, ತಗೋ! ಇನ್ನೂ ಬೇಕಾ ಕಿಟಕಿ?"

"ಏನಕ್ಕಾ ನೀನು, ನನಗೆ ಭಯ ಆಗ್ತಿದ್ರೆ..."

"ಭಯ ಬೇಡ, ಬಿಸಿಲಿಗೆ ಉದ್ದ ತೋಳಿನ ಅಂಗಿ ಹಾಕ್ಕೊಳ್ಳಿ, ಸಾಕು," ಎಂದಳು ಹುಡುಗಿ.

ಅಕ್ಕ ಕುರ್ಚಿಯನ್ನು ಮುಂದಕ್ಕೆಳೆದಳು. ಇಷ್ಟು ದಿನ ಮಡಚಿಟ್ಟ ಮಾತನ್ನು ಈಗ ಒದರಿ ಹರಡುವ ಹೊತ್ತು. "ಅದಿರ್ಲಿ. ಒಟ್ಟು ಲೆಕ್ಕ ಹೇಳು ತಾಯಿ. ಯಾರದು ಜಾಸ್ತಿ? ಇವಳದ್ದು ತಾನೇ? ನಮ್ಮಿಬ್ಬರಲ್ಲಿ ದೊಡ್ಡೋಳು ಯಾರು?"

ಹುಡುಗಿ ಕಕ್ಕಾಬಿಕ್ಕಿಯಾದಳು. "ನೀವೇ ಅಲ್ವಾ ಅಕ್ಕಾ, ಅಕ್ಕ?"

"ಅಲ್ಲ! ದಾರ ಕಳಚಿತ್ತು!" ಎಂದು ಅಕ್ಕ ಮೇಜು ಗುದ್ದಿ, ಟಬ್ಬು, ಅಜ್ಜಿ, ಅತ್ತೆ, ಜೋರಾಗಿ ಅತ್ತ ಕೂಸು, ಎಲ್ಲವನ್ನೂ ಒಂದೇ ಉಸಿರಿಗೆ ಸುರಿದಳು. ಸುರಿಯುವಾಗ ಕಣ್ಣು ತಂಗಿಯ ಮುಖದ ಮೇಲಿತ್ತು. ಸುಕ್ಕು ಈಗ ಬೀಳುತ್ತದೆ, ಇನ್ನೇನು ಬಿತ್ತು.

ಬೀಳಲಿಲ್ಲ. ತಂಗಿ ತನ್ನ ಪ್ಯಾಂಟಿನ ಮೂರು ಗೆರೆಗಳನ್ನು ಉಗುರಿನಿಂದ ತೀಡುತ್ತಾ ಕೂತಿದ್ದಳು.

"ಕ್ಷಮಿಸಿ," ಎಂದಳು ಹುಡುಗಿ ಮೆಲ್ಲಗೆ. "ಇದರಲ್ಲಿ ನಿಮಿಷಗಳು ಕಾಣಿಸಲ್ಲ. ಒಬ್ಬರಿಂದ ಒಬ್ಬರಿಗೆ ಎಷ್ಟೋ ವ್ಯತ್ಯಾಸ ಇರುತ್ತೆ, ವರ್ಷಗಳ ಲೆಕ್ಕವೇ ಹಿಂದುಮುಂದಾಗುತ್ತೆ. ರಕ್ತದಲ್ಲಿ ನಿಮ್ಮಿಬ್ಬರದೂ ಹತ್ತಿರಹತ್ತಿರ ಸಮ. ಆದ್ರೆ ನಿಮ್ಮಲ್ಲಿ ಒಂದು ವಿಶೇಷ ಸಿಕ್ಕಿದೆ. ಉಳಿದೆಲ್ಲಾ ತಪ್ಪು ಬೇರೆಬೇರೆ ಅಂದ್ನಲ್ಲ, ರಕ್ತದಲ್ಲಿ ಒಂದು ಮಾತ್ರ ಇಬ್ಬರಲ್ಲೂ ಇದೆ. ಅದೇ ಜಾಗ, ಅದೇ ಅಕ್ಷರ. ಚರ್ಮದಲ್ಲಿ ಇಲ್ಲ, ಕೆನ್ನೆಯ ಕೋಶದಲ್ಲೂ ಇಲ್ಲ. ಅಂದ್ರೆ ಅಪ್ಪ ಅಮ್ಮನಿಂದ ಬಂದಿದ್ದಲ್ಲ. ನೀವಿಬ್ರೂ ಹೊಟ್ಟೆಯೊಳಗಿದ್ದಾಗ ಒಬ್ಬರ ರಕ್ತದ ಕೋಶದಲ್ಲಿ ಈ ತಪ್ಪು ಆಗಿದೆ. ಇಬ್ಬರಿಗೂ ರಕ್ತ ಹಾಯಿಸೋ ಮಾಸು ಒಂದೇ ಇತ್ತಲ್ಲ, ಅದರ ಮೂಲಕ ಆ ಕೋಶದ ಸಂತತಿ ಇನ್ನೊಬ್ಬರಿಗೆ ದಾಟಿದೆ. ಅರವತ್ತು ವರ್ಷ ಇಬ್ಬರಲ್ಲೂ ಬೆಳೀತಾ ಬಂದಿದೆ. ತಪ್ಪು ಮೊದಲು ಯಾರಲ್ಲಿ ಶುರುವಾಯ್ತು ಅಂತ..."

"ಇವಳಲ್ಲೇ!" ಎಂದರು ಇಬ್ಬರೂ, ಒಂದೇ ದನಿಯಲ್ಲಿ, ಒಂದೇ ಬೆರಳೆತ್ತಿ.

"... ಹೇಳೋಕಾಗಲ್ಲ. ಈಗ ಏನೂ ತೊಂದರೆಯಿಲ್ಲ. ಆದ್ರೆ ಅಂಥ ಕೋಶಗಳು ವಯಸ್ಸಾದ ಹಾಗೆ ಹೆಚ್ಚಾಗ್ತವೆ. ವರ್ಷಕ್ಕೊಮ್ಮೆ ಇಬ್ಬರೂ ಬಂದು ನೋಡಿಸ್ಕೊಳ್ಳೋದು ಒಳ್ಳೇದು."

ಹೊರಗಿನ ಮೊಗಸಾಲೆಯಲ್ಲಿ, ನೀರಿನ ಯಂತ್ರದ ಪಕ್ಕದ ಬೆಂಚಿನ ಮೇಲೆ, ಅಕ್ಕ ಕಾಗದದ ಲೋಟವನ್ನು ಹಿಸುಕುತ್ತಾ ಕೂತಳು. ಸಾಬೀತಾಗಲಿಲ್ಲ. ಅದಕ್ಕಿಂತ ಹೆಚ್ಚು ಉರಿದದ್ದು ತಂಗಿಯ ಮುಖ.

"ದಾರದ ವಿಷಯ ಕೇಳಿ ನಿನಗೇನೂ ಅನ್ನಿಸ್ಲಿಲ್ವೇನೇ?"

ತಂಗಿ ತನ್ನ ಲೋಟವನ್ನು ಬೆಂಚಿನ ಮೇಲಿಟ್ಟಳು. "ನಂಗೆ ಗೊತ್ತಿತ್ತು."

"ಏನು?"

"ನನ್ನ ಮದುವೆ ದಿನ ಅತ್ತೆ ಹೇಳಿದ್ಳು. ನಕ್ಕೊಂಡು."

ನೀರಿನ ಯಂತ್ರ ಗುಳಕ್ಕೆಂದಿತು. ಅಕ್ಕ ಬೆಂಚಿನ ಮೇಲೆ ಪೂರ್ತಿ ಅವಳ ಕಡೆ ತಿರುಗಿದಳು.

"ಇಷ್ಟು ವರ್ಷ! ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ? ಅಪ್ಪ ಹಾಸಿಗೆ ಹಿಡಿದಾಗ ನಾನು ದೊಡ್ಡೋಳು, ಅಮ್ಮನ ಕಣ್ಣು ಹೋದಾಗ ನಾನು ದೊಡ್ಡೋಳು, ನಿನ್ನ ಗಂಡ ಕಾರು ಗುದ್ದಿ ಪೋಲೀಸ್ ಠಾಣೆಯಲ್ಲಿ ಕೂತಾಗಲೂ ನಾನೇ ದೊಡ್ಡೋಳು! ಒಂದು ಸಲ, ಒಂದೇ ಒಂದು ಸಲ ಹೇಳ್ಬಾರದಿತ್ತಾ?"

"ಹೇಳೋಣ ಅಂತಲೇ ಬರ್ತಿದ್ದೆ ಅಕ್ಕಾ. ಅಂಗಡಿ ಬಾಗಿಲಿಗೆ ಬಂದು 'ಅಕ್ಕಾ' ಅಂದ ತಕ್ಷಣ ಮರ್ತುಹೋಗೋದು." ತಂಗಿಯ ದನಿ ಸಣ್ಣದಾಯಿತು. "ಅಕ್ಕ ಅಂತ ಒಬ್ಳು ಇರೋದು ಎಷ್ಟು ಹಾಯಿ ಅಂತ ನಿನಗೆ ಹೇಗೆ ಗೊತ್ತಾಗ್ಬೇಕು? ನಿನಗೆ ಇರ್ಲಿಲ್ವಲ್ಲ."

ನಾವಾಗಿದ್ದರೆ ಈ ಮಾತಿಗೆ ಕರಗಿ, ಮೂಗು ಒರೆಸಿಕೊಂಡು, ತಂಗಿಯನ್ನು ತಬ್ಬಿಕೊಂಡು ಕಥೆಯನ್ನು ಅಲ್ಲೇ ಮುಗಿಸಿಬಿಡುತ್ತಿದ್ದೆವು. ಲಾಂಡ್ರಿ ಅಕ್ಕ ನಮ್ಮಷ್ಟು ಮೆತ್ತಗಿನ ಬಟ್ಟೆಯಲ್ಲ. ಅವಳು ಆ ಮಾತನ್ನು ಬೆಳಕಿಗೆ ಹಿಡಿದು, ತಿರುವಿ, ಒಳಗುಮಗ್ಗುಲು ನೋಡಿದಳು. ಅಕ್ಕ ಇರುವುದು ಅಷ್ಟು ಹಾಯಿಯೇ? ಹಾಗಾದರೆ ಸೇಡು ಎಲ್ಲಿದೆಯೆಂದು ಗೊತ್ತಾಯಿತು. ಸಾಬೀತು ಯಾರಿಗೆ ಬೇಕು? ಅಕ್ಕನ ಪಟ್ಟವನ್ನು ಮೊದಲ ಸಲ ಅಂದಾಜಿನ ಮೇಲೆ ಕೊಟ್ಟಿದ್ದರು. ಎರಡನೆಯ ಸಲ ಅವಳೇ ಕೊಡುತ್ತಾಳೆ.

ಲೋಟವನ್ನು ಬುಟ್ಟಿಗೆ ಎಸೆದು ಎದ್ದಳು. "ನಡಿ ಅಕ್ಕಾ, ಹೊತ್ತಾಯ್ತು," ಎಂದಳು.

ತಂಗಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಆ ದಿನ ಕಾರಿನಲ್ಲಿ ಅವಳು ತಂಗಿಯ ಕೈಚೀಲವನ್ನು ಕೇಳದೆ ಬಿಚ್ಚಿ, ಬಾಚಣಿಗೆ ತೆಗೆದುಕೊಂಡಳು. ಕಾರಣ ಕೇಳಿದ್ದಕ್ಕೆ, "ನೀನು ದೊಡ್ಡೋಳು ಕಣೇ, ಬಿಟ್ಟುಕೊಡು," ಎಂದಳು. ಮರುದಿನದಿಂದ ಅಂಗಡಿಗೆ ಯಾರ ಫೋನು ಬಂದರೂ ಒಂದೇ ಉತ್ತರ. ಅತ್ತೆಯ ಮಗಳು, ಅಮ್ಮನಿಗೆ ಕೆಮ್ಮು ಜಾಸ್ತಿ, ಯಾವ ಡಾಕ್ಟರಿಗೆ ತೋರಿಸೋಣ ಎಂದು ಕೇಳಿದಳು. "ಅಕ್ಕನ್ನ ಕೇಳು." ಚಿಕ್ಕಪ್ಪನ ಮಕ್ಕಳಿಬ್ಬರು ಗೋಡೆಯ ಜಗಳದ ಪಂಚಾಯಿತಿಗೆ ಕರೆದರು. "ಅಕ್ಕ ಬರ್ತಾಳೆ." ಹೊದಿಕೆಗಳ ಗಂಟನ್ನು ಡ್ರೈವಿಂಗ್ ಸ್ಕೂಲಿನ ಬಾಗಿಲಿಗೇ ಕಳಿಸಿಕೊಟ್ಟಳು. ಪೋಸ್ಟ್‌ಮಾಸ್ಟರು ಎಂದಿನಂತೆ "ಅಕ್ಕಾ" ಎಂದಾಗ ಇಸ್ತ್ರಿಯಿಂದ ತಲೆಯೆತ್ತದೆ, "ತಂಗಿ ಅನ್ನಿ. ಪ್ಯಾಂಟು ಆಗಿದೆ," ಎಂದಳು. ಅವರು ಕೌಂಟರಿನ ಮೇಲೆ ಕೈಯೂರಿ ಸುಧಾರಿಸಿಕೊಂಡರು.

ತಿಂಗಳು ಕಳೆಯುವುದರೊಳಗೆ ತಂಗಿ ಸೊರಗಿದಳು. ಪಾಠ ಹೇಳಿಕೊಡುವಾಗ ಫೋನು, ಊಟಕ್ಕೆ ಕೂತಾಗ ಫೋನು. ಒಂದು ಬೆಳಗ್ಗೆ ಅಂಗಡಿಗೇ ಓಡಿಬಂದಳು. ಕೂದಲು ಕೆದರಿತ್ತು, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

"ಸಾಕು ಮಾಡೇ ಮಹರಾಯ್ತಿ! ಆ ಗೋಡೆ ಜಗಳದಲ್ಲಿ ಇಬ್ರೂ ಸೇರ್ಕೊಂಡು ನನಗೇ ಬೈತಾರೆ! ಅತ್ತೆಗೆ ನಾನು ಹಾಸಿದ ಹೊದಿಕೆ ಚುಚ್ಚುತ್ತಂತೆ. ಅಕ್ಕಾ, ಅಕ್ಕಾ ಅಂತ ಜನ ಹೇಗೆ ಕಿತ್ತು ತಿಂತಾರೆ!"

"ಹೌದಾ ಅಕ್ಕಾ?"

"ಹಂಗನ್ಬೇಡ!" ತಂಗಿಯ ಹಣೆಯ ಮೇಲೆ, ಹುಬ್ಬುಗಳ ನಡುವೆ, ಉದ್ದಕ್ಕೆ ಸುಕ್ಕು ಬಿತ್ತು. ಒಂದರ ಪಕ್ಕ ಇನ್ನೊಂದು. ಅಕ್ಕ ಅದನ್ನು ಕಣ್ತುಂಬ ನೋಡಿದಳು. ಮೇಜಿನ ಮೇಲಿದ್ದ ಗಿರಾಕಿಯ ಅಂಗಿಯ ತೋಳಿಗೆ ನೀರು ಚಿಮುಕಿಸಿ, ಇಸ್ತ್ರಿಯನ್ನು ನಿಧಾನವಾಗಿ, ಅಂಚಿನವರೆಗೆ, ಎಳೆದಳು.

ಅಷ್ಟರಲ್ಲಿ ತಂಗಿಯ ಜೇಬಿನಲ್ಲಿ ಮತ್ತೆ ಫೋನು ಬಡಿದುಕೊಂಡಿತು. ಅವಳು ಅದನ್ನು ಕಿವಿಗೊತ್ತಿ, ಕೋಟುಗಳ ನಡುವೆ ಅವಿತು, "ಹ್ಞೂಂ, ಅಕ್ಕನೇ ಮಾತಾಡ್ತಿರೋದು, ಹೇಳಿ," ಎಂದು ನರಳಿದಳು.

ಬಿಳಿಕೋಟಿನ ಹುಡುಗಿ ಗಂಟು ತೆಗೆದುಕೊಂಡು ಹೋಗಲು ಬಂದವಳು ಇಬ್ಬರನ್ನೂ ಒಟ್ಟಿಗೆ ಕಂಡು ಖುಷಿಪಟ್ಟಳು. "ಒಳ್ಳೇದಾಯ್ತು, ಇಬ್ರೂ ಸಿಕ್ಕಿದ್ರಿ. ಮುಂದಿನ ವರ್ಷದ ರಕ್ತ ಪರೀಕ್ಷೆಗೆ ನೀವಿಬ್ರೂ ಬರ್ತೀರಿ ತಾನೇ?"

ಇಸ್ತ್ರಿ ಹಿಡಿದವಳು ಅದರ ಮೂತಿಯಿಂದ ಕೋಟುಗಳ ಸಾಲಿನ ಕಡೆಗೆ ತೋರಿಸಿದಳು.

"ನಾನು ಚಿಕ್ಕೋಳು, ನಂಗೇನು ಗೊತ್ತಾಗುತ್ತಮ್ಮಾ? ಅಕ್ಕನ್ನ ಕೇಳು."